ಟವಲ್ ಕೆಳಗೆ ಕೇಳಿದ ಹತ್ತು ನಿಮಿಷ

ಹತ್ತು ನಿಮಿಷಕ್ಕೆ ನಾನು ತೆತ್ತದ್ದೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳ ಒಂದು ವರ್ಷ, ಒಬ್ಬ ಗುಮಾಸ್ತರ ಒಳ್ಳೆಯ ಹೆಸರು, ಕೆಂಪು ಅಂಚಿನ ಒಂದು ಟವಲ್. ಟವಲ್ ಹೋದದ್ದಕ್ಕೆ ಬೇಸರವಿಲ್ಲ, ಅದು ನನ್ನದೇ. ಮಿಕ್ಕ ಎರಡು ನನ್ನವಾಗಿರಲಿಲ್ಲ. ಬೇರೆಯವರ ಗಂಟನ್ನು ಬಿಚ್ಚಿ ನಾನು ಖರ್ಚು ಮಾಡಿದೆ. ಯಾಕೆಂದರೆ, ಚೌಕಾಸಿಗೆ ಬಾರದ ವಸ್ತು ಈ ಲೋಕದಲ್ಲೇ ಇಲ್ಲ ಎಂದು ಆಗ ನಂಬಿಕೊಂಡಿದ್ದೆ.

ಹಾಗೆ ನಂಬಲು ಕಾರಣವೂ ಇತ್ತು. ಅಪ್ಪ ಸತ್ತಾಗ ನನ್ನ ಪಾಲಿಗೆ ಬಂದದ್ದು ಒಂದು ಬಾರುಕೋಲು ಮಾತ್ರ. ಎತ್ತು ಅದರ ಜೊತೆ ಬರಲಿಲ್ಲ. ಕಂಡವರ ಎತ್ತಿನ ಹಗ್ಗ ಹಿಡಿದು ಸಂತೆ ಸುತ್ತುತ್ತ ಹಲ್ಲು ನೋಡುವುದು ಕಲಿತೆ, ಸುಳಿ ನೋಡುವುದು ಕಲಿತೆ, ಮಾರುವವನ ಮುಖ ನೋಡುವುದನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿತೆ. ಮಗಳು ಹೈಸ್ಕೂಲು ಸೇರುವ ಹೊತ್ತಿಗೆ ತೆರಕಣಾಂಬಿ, ಬೇಗೂರು, ಸಂತೇಮರಹಳ್ಳಿ, ಗುಂಡ್ಲುಪೇಟೆ ಎಲ್ಲ ಸಂತೆಯಲ್ಲೂ ದನದ ದಲ್ಲಾಳಿ ಎಂದರೆ ನನ್ನನ್ನು ಕರೆಯುವವರಿದ್ದರು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲ ಅದು.

ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನ ಬಲಗೈ ಮೇಲೆ ಟವಲ್ ಹಾಕಿ, ಅದರ ಕೆಳಗೆ ನಮ್ಮ ಕೈ ತೂರಿಸಿ, ಬೆರಳು ಹಿಡಿದು ಹೇಳುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಒತ್ತಿದರೆ ಐದು. ಹತ್ತೋ ನೂರೋ ಎಂಬುದನ್ನು ಮಾತ್ರ ಮೆಲ್ಲಗೆ ಕಿವಿಯಲ್ಲಿ ಹೇಳಿದರಾಯಿತು. ಸುತ್ತ ಐವತ್ತು ಜನ ನಿಂತಿದ್ದರೂ ಯಾವ ಬೆಲೆಗೆ ಕುದುರಿತು ಎಂದು ಒಬ್ಬರಿಗೂ ತಿಳಿಯುವುದಿಲ್ಲ. ಪಕ್ಕದಲ್ಲಿರುವವನು ಇನ್ನೊಂದು ಜೊತೆ ಎತ್ತು ಹಿಡಿದು ನಿಂತಿರುತ್ತಾನಲ್ಲ, ಅವನಿಗೆ ಗೊತ್ತಾಗಬಾರದು. ಇದರಲ್ಲಿ ಮೋಸವೇನೂ ಇಲ್ಲ. ನನ್ನ ಮಟ್ಟಿಗೆ ಟವಲ್ ಎಂದರೆ ಮರ್ಯಾದೆ.

ನಮ್ಮದು ಹರದನಹಳ್ಳಿ. ಅಲ್ಲಿಂದ ಚಾಮರಾಜನಗರದ ಹೈಸ್ಕೂಲಿಗೆ ಒಂದು ಗಂಟೆಯ ನಡಿಗೆ. ನಮ್ಮ ಬೀದಿಯಿಂದ ಹೈಸ್ಕೂಲಿಗೆ ಹೊರಟ ಮೊದಲ ಹೆಣ್ಣು ನನ್ನ ಮಗಳು. ಅವಳ ತಾಯಿ ಒಂದೇ ಮಾತು ಹೇಳಿದಳು: "ಓದ್ಲಿ, ಬ್ಯಾಡ ಅನ್ನಕಿಲ್ಲ. ಆದ್ರೆ ಎಣ್ಮಗ ಒಂಟಿಯಾಗಿ ಆ ದಾರೀಲಿ ನಡ್ದು ಓಗ್ಕೂಡ್ದು. ನೀನೇ ಕರ್ಕೊಂಡೋಗಿ ಬುಡು." ನಾನು ಒಪ್ಪಿಕೊಂಡೆ. ಒಪ್ಪಿಕೊಂಡೆ ಎನ್ನುವುದಕ್ಕಿಂತ ಅದರಲ್ಲಿ ಒಂದು ಲಾಭ ಕಂಡುಕೊಂಡೆ ಎನ್ನುವುದೇ ಸರಿ. ಬೆಳಗಿನ ಹೊತ್ತು ದಾರಿಯುದ್ದಕ್ಕೂ ರೈತರು ದನಗಳನ್ನು ಕೊಟ್ಟಿಗೆಯಿಂದ ಆಚೆಗೆ ಕಟ್ಟಿ, ಮೈ ತೊಳೆದು, ಹುಲ್ಲು ಹಾಕಿರುತ್ತಾರೆ. ಎತ್ತು ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಸಂತೆಗೆ ಬರುವ ಮೊದಲೇ ಯಾರ ಮನೆಯಲ್ಲಿ ಯಾವ ಜೊತೆ ಇದೆ, ಯಾವುದು ನಾಲ್ಕು ಹಲ್ಲಿನದು, ಯಾವುದು ಹಲ್ಲೆಲ್ಲ ಬಂದು ಬಾಯಿಗೂಡಿದ್ದು ಎಂದು ತಿಳಿದಿದ್ದರೆ ಅರ್ಧ ವ್ಯಾಪಾರ ಆದ ಹಾಗೇ.

ಮಗಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ರಸ್ತೆಯ ಅಂಚಿನಲ್ಲಿ ನಿಂತಿರುತ್ತಿದ್ದಳು. ನಾನು ಯಾರದೋ ಹಿತ್ತಲಲ್ಲಿ ಎತ್ತಿನ ಬಾಯಿ ಬಿಡಿಸುತ್ತಿರುತ್ತಿದ್ದೆ.

"ಅಪ್ಪ, ಓಗನ ಬಾ. ಗಂಟೆ ಹೊಡೆದ್ಬುಡ್ತಾರೆ."

"ಇರಮ್ಮಿ, ಹಲ್ಲೊಂದ ನೋಡ್ಬುಟ್ಟು ಬಂದ್ಬುಟ್ಟೆ."

"ನಿನ್ನೇನೂ ಇದೇ ಎತ್ತಿನ ಹಲ್ಲ ನೋಡ್ದಲ್ಲಪ್ಪ."

"ನಿನ್ನೆ ಮೇಲಿಂದ ನೋಡ್ದೆ ಕಣಮ್ಮಿ. ಇವತ್ತು ಸರಿಯಾಗಿ ನೋಡ್ತೀನಿ."

ನಾವು ಹೀಗೆ ನಿಂತಿರುವಾಗ ಬಹಳ ದಿನ ಒಂದು ಸೈಕಲ್ ನಮ್ಮನ್ನು ದಾಟಿ ಹೋಗುತ್ತಿತ್ತು. ಟಿಣ್ ಟಿಣ್ ಎಂದು ಎರಡು ಸಲ ಬೆಲ್ ಆಗುತ್ತಿತ್ತು. ದಾರಿಯಲ್ಲಿ ಅಡ್ಡ ನಿಂತ ದನಕ್ಕೆ ಬೆಲ್ ಹೊಡೆಯುತ್ತಾರೆ ಎಂದುಕೊಂಡು ನಾನು ತಿರುಗಿ ನೋಡುತ್ತಿರಲಿಲ್ಲ. ಆ ಸೈಕಲ್ ಮೇಲೆ ಹೋಗುತ್ತಿದ್ದವರು ಹೈಸ್ಕೂಲಿನ ಗುಮಾಸ್ತರು. ನಮ್ಮೂರಿನಿಂದ ಆಚೆಗಿನ ಒಂದು ಹಳ್ಳಿಯಲ್ಲಿ ಅವರ ಮಾವನ ಮನೆ. ಅಲ್ಲಿದ್ದುಕೊಂಡು ದಿನವೂ ಬಂದು ಹೋಗುತ್ತಿದ್ದರು.

ಸ್ಕೂಲಿನ ನಿಯಮ ಹೀಗಿತ್ತು. ಹತ್ತೂವರೆಗೆ ಗಂಟೆ. ಆಮೇಲೆ ಹತ್ತು ನಿಮಿಷದ ಒಳಗೆ ಬಂದವರ ಹೆಸರನ್ನು ಆಫೀಸಿನ ಲೇಟು ಪುಸ್ತಕದಲ್ಲಿ ಬರೆದುಕೊಂಡು ಒಳಗೆ ಬಿಡುತ್ತಿದ್ದರು, ಅದಕ್ಕೆ ಶಿಕ್ಷೆಯಿಲ್ಲ. ಹತ್ತು ನಿಮಿಷ ಮೀರಿತೋ, ಅರ್ಧ ದಿನ ಗೈರುಹಾಜರಿ. ತಡವಾಗಿ ಬಂದ ಮಗುವಿನ ಜೊತೆ ತಂದೆಯೋ ತಾಯಿಯೋ ಬಂದು ಕಾರಣ ಹೇಳಬೇಕು. ಗುಮಾಸ್ತರು ಬರೆದುಕೊಳ್ಳುತ್ತಾರೆ, ಕೆಳಗೆ ನಾವು ಸಹಿ ಮಾಡಬೇಕು. ಗೈರುಹಾಜರಿ ಹೆಚ್ಚಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಳುಹಿಸುತ್ತಿರಲಿಲ್ಲ.

ಆ ಆಫೀಸಿನ ಬಾಗಿಲಲ್ಲಿ ಬೆಳಿಗ್ಗೆ ಹೊತ್ತು ಒಂದು ಸಣ್ಣ ಸಂತೆಯೇ ಸೇರುತ್ತಿತ್ತು. ಜವಾನನಿಗಂತೂ ನನ್ನನ್ನು ಕಂಡರೆ ಖುಷಿ.

"ಬಂದ್ರಾ ಗೌಡ್ರೇ? ಇವತ್ತು ಯಾವ ಅಜ್ಜಿಗೆ ಕಾಯ್ಲೆ?"

"ನಿಮ್ಮ ಗಡಿಯಾರಕ್ಕೇ ಕಾಯ್ಲೆ ಕಣಯ್ಯ. ಮೂಗುದಾರ ಇಲ್ದಿದ್ದ ಹೋರಿ ಓಡ್ದಂಗೆ ಓಡ್ತದಲ್ಲ, ಯಾರಾದ್ರೂ ಹಿಡ್ದು ಕಟ್ರಪ್ಪ ಅದ."

ಎಲ್ಲರೂ ನಗುತ್ತಿದ್ದರು. ನಕ್ಕ ಮೇಲೆ ಕೆಲಸ ಸುಲಭ ಎಂಬುದು ನನ್ನ ಲೆಕ್ಕ. ಆಮೇಲೆ ಗುಮಾಸ್ತರ ಮೇಜಿನ ಮುಂದೆ ನಿಂತು ಕಾರಣ ಹೇಳುತ್ತಿದ್ದೆ. ಒಂದು ದಿನ ನನ್ನ ಅವ್ವನಿಗೆ ಹುಷಾರಿಲ್ಲ. ಇನ್ನೊಂದು ದಿನ ದಾರಿಯಲ್ಲಿ ಗಾಡಿ ಮುರಿದು ಅಡ್ಡ ಬಿದ್ದಿತ್ತು. ಮಳೆ ಬಂದರೆ ಮಳೆ, ಬರದಿದ್ದರೆ ಬಿಸಿಲು. ಕಾರಣಗಳು ಮುಗಿದುಹೋದ ದಿನ ಮಗಳ ತಲೆಗೆ ಕಟ್ಟುತ್ತಿದ್ದೆ: "ಏನ್ಮಾಡದು ಸ್ವಾಮಿ, ಎಬ್ಬುಸ್ದ್ರೆ ಏಳಕಿಲ್ಲ. ಆಮ್ಯಾಕೆ ತಲೆ ಬಾಚ್ಕೊಳಕೇ ಅರ್ಧ ಗಂಟೆ." ಇದನ್ನು ಹೇಳುವಾಗ ಮಗಳು ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದಳು. ನೆಲ ನೋಡುತ್ತಿದ್ದಳು. ನಾನು ಅದನ್ನು ನಾಚಿಕೆ ಎಂದುಕೊಂಡಿದ್ದೆ. ನಾಚಿಕೆಯೇ ಹೌದು. ಅದು ನನ್ನ ಪರವಾಗಿ ಅವಳು ಪಡುತ್ತಿದ್ದ ನಾಚಿಕೆ.

ಗುಮಾಸ್ತರು ತೆಳ್ಳನೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಹೇಳಿದ್ದೆಲ್ಲವನ್ನೂ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಕೊನೆಯಲ್ಲಿ ಪ್ರತಿ ದಿನವೂ ಒಂದೇ ಪ್ರಶ್ನೆ: "ಇಷ್ಟೇನಾ ಯಜಮಾನ್ರೇ? ಬೇರೆ ಏನಾದ್ರೂ ಇದೆಯಾ?" ನಾನು, "ಇಷ್ಟೇಯ ಸ್ವಾಮಿ," ಎನ್ನುತ್ತಿದ್ದೆ. ಅವರು ಲೇಖನಿಯನ್ನು ಇಂಕಿಗೆ ಅದ್ದಿ, ಸಮಯದ ಜಾಗದಲ್ಲಿ ಏನೋ ಬರೆದು, ಪುಸ್ತಕವನ್ನು ಸಹಿಗೆ ತಿರುಗಿಸುತ್ತಿದ್ದರು. ನಾನು ಸಹಿ ಮಾಡುವ ಜಾಗ ಬಿಟ್ಟು ಬೇರೆ ಏನನ್ನೂ ಓದಲಿಲ್ಲ. ಓದಲು ಬರುತ್ತಿತ್ತು. ಮಾಲು ಕೊಳ್ಳುವಾಗ ಇಲ್ಲದ ಕಣ್ಣನ್ನೂ ತೆರೆಯುವ ನಾನು, ಸಹಿ ಹಾಕುವಾಗ ಇದ್ದ ಎರಡನ್ನೂ ಮುಚ್ಚಿಕೊಂಡಿದ್ದೆ.

ನನ್ನ ಹಾಗೇ ಲೇಟು ಪುಸ್ತಕಕ್ಕೆ ಸಹಿ ಹಾಕಲು ಬರುತ್ತಿದ್ದವಳು ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುವ ಒಬ್ಬ ಹೆಂಗಸು. ಅವಳ ಮಗ ನನ್ನ ಮಗಳ ತರಗತಿ. ಅವಳು ಬಾಗಿಲಲ್ಲೇ ಕೈ ಮುಗಿದು, "ಸ್ವಾಮಿ, ತಪ್ಪು ನಂದೇಯ. ಎಲೆ ಪೆಂಡಿ ಹೊರಕೆ ಆಳು ಬರ್ನಿಲ್ಲ, ಮಗನ ತಲೆ ಮ್ಯಾಲೆ ಹೊರಿಸ್ಕಂಡು ಬಂದೆ. ಅವನ್ನ ಬಯ್ಬೇಡಿ," ಎಂದುಬಿಡುತ್ತಿದ್ದಳು. ಗುಮಾಸ್ತರು, "ಸರಿ ತಾಯಿ. ಪೆಂಡಿ ಬರೋ ದಿನ ಹಿಂದಿನ ದಿವಸವೇ ಒಂದು ಚೀಟಿ ಕಳಿಸಿ, ಹೆಡ್ ಮೇಷ್ಟ್ರಿಗೆ ನಾನೇ ಹೇಳಿರ್ತೀನಿ," ಎಂದು ದಾರಿ ಹೇಳಿಕೊಟ್ಟರು. ಅವಳು ಚೀಟಿ ಕಳಿಸತೊಡಗಿದಳು. ಅವಳ ಮಗನಿಗೆ ಆಮೇಲೆ ಅರ್ಧ ದಿನ ಬೀಳಲಿಲ್ಲ. ನಾನು ಇದನ್ನು ಕಣ್ಣಾರೆ ನೋಡಿದೆ. ನೋಡಿ, 'ಪಾಪ, ಇವಳಿಗೆ ವ್ಯಾಪಾರ ಬರದು, ಮೊದಲ ಮಾತಿಗೇ ಎಲ್ಲ ಒಪ್ಪಿಕೊಳ್ಳುತ್ತಾಳೆ' ಎಂದುಕೊಂಡೆ.

ಮಗಳ ಕೊನೆಯ ವರ್ಷ ಬಂತು. ಆ ವರ್ಷ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದು ಹದಿನೈದು ದಿನ ಮಲಗಿದ್ದಳು. ಅದಕ್ಕೆ, ವರ್ಷದ ಮೊದಲಲ್ಲಿ ಬಿದ್ದಿದ್ದ ನಮ್ಮ ಅರ್ಧ ದಿನಗಳೂ ಸೇರಿಕೊಂಡವು. ಪರೀಕ್ಷೆಗೆ ಹೆಸರು ಕಳುಹಿಸುವ ಸಮಯದಲ್ಲಿ ಒಂದು ಬೆಳಿಗ್ಗೆ ಗುಮಾಸ್ತರು ನನ್ನನ್ನು ನಿಲ್ಲಿಸಿ ಹೇಳಿದರು:

"ಯಜಮಾನ್ರೇ, ನಿಮ್ಮ ಮಗಳ ಹಾಜರಿ ನಾಲ್ಕು ದಿನ ಕಡಿಮೆ ಬಿದ್ದಿದೆ. ಜ್ವರದ ಕಾರಣ ಕೊಟ್ಟು ಹೆಡ್ ಮೇಷ್ಟ್ರ ಶಿಫಾರಸು ಬರೀತಾ ಇದ್ದೀನಿ. ಅವರು ಸಹಿ ಮಾಡಿದ್ರೆ ಪರೀಕ್ಷೆಗೆ ಕೂರಬಹುದು. ಆದ್ರೆ ಇನ್ನೊಂದು ಅರ್ಧ ದಿನವೂ ಹೋಗಬಾರದು. ದಯವಿಟ್ಟು ನಾಳೆಯಿಂದ ಮುಂಚೆ ಹೊರಡಿ."

ಇಷ್ಟು ಬಿಡಿಸಿ ಹೇಳಿದರು. ಇದರಲ್ಲಿ ತಿಳಿಯದ್ದು ಏನಿದೆ? ಮಗಳು ಪರೀಕ್ಷೆಗೆ ಕೂರುವುದು, ಕೂರದಿರುವುದು ನಾವು ಮನೆ ಬಿಡುವ ಹೊತ್ತಿನ ಮೇಲೆ ನಿಂತಿತ್ತು. ಮನೆಗೆ ಹೋಗುವ ದಾರಿಯಲ್ಲಿ ಅವಳು, "ಅಪ್ಪ, ಇನ್ಮ್ಯಾಕೆ ಎಲ್ಲೂ ನಿಲ್ಬ್ಯಾಡ ಕಣಪ್ಪ," ಎಂದಳು. ನಾನು ಆಗಲಿ ಎಂದೆ. ಮಾರನೆಯ ದಿನ ನಿಲ್ಲಲಿಲ್ಲ. ಅದರ ಮಾರನೆಯ ದಿನವೂ ನಿಲ್ಲಲಿಲ್ಲ. ಮೂರನೆಯ ದಿನ ರಸ್ತೆ ಪಕ್ಕದ ತೋಟದಲ್ಲಿ ಒಂದು ಜೊತೆ ಹಳ್ಳಿಕಾರ್ ಹೋರಿ ಕಟ್ಟಿದ್ದರು. ಕೊಂಬು ನೋಡಿದರೆ ಒಂದೇ ಅಚ್ಚಿನಲ್ಲಿ ಎರೆದ ಹಾಗಿತ್ತು. ಅಂಥ ಜೊತೆ ವರ್ಷಕ್ಕೊಂದು ಕಣ್ಣಿಗೆ ಬಿದ್ದರೆ ಹೆಚ್ಚು.

ಮಗಳು ರಸ್ತೆಯಲ್ಲಿ ನಿಂತಳು. ಕರೆಯಲಿಲ್ಲ. ಸೈಕಲ್ ದಾಟಿತು. ಟಿಣ್ ಟಿಣ್.

ತೋಟದಿಂದ ಆಚೆ ಬಂದ ಮೇಲೆ ಓಡು ನಡಿಗೆಯಲ್ಲಿ ಹೋದೆವು. ಹೋಗುತ್ತಾ ನನ್ನ ತಲೆ ಕೆಲಸ ಮಾಡಿತು. ಹತ್ತು ನಿಮಿಷಕ್ಕೆ ರಿಯಾಯಿತಿ ಇದೆಯಲ್ಲ, ಅದನ್ನೇ ಇಪ್ಪತ್ತು ಮಾಡಿಸಿಕೊಂಡರೆ? ಇನ್ನು ಹತ್ತು ನಿಮಿಷ ಬಿಟ್ಟುಕೊಡಲು ಗುಮಾಸ್ತರಿಗೇನು ನಷ್ಟ? ಗಡಿಯಾರ ಅವರ ಮನೆಯದೇ? ಯಾರೂ ಈ ಮಾತನ್ನು ಅವರ ಹತ್ತಿರ ಸರಿಯಾಗಿ ಕುದುರಿಸಿಲ್ಲ, ಅಷ್ಟೇ. ಬೇರೆ ತಂದೆತಾಯಿಗಳ ಮುಂದೆ ಕೇಳಿದರೆ ಎಲ್ಲರಿಗೂ ಕೊಡಬೇಕಾದೀತು ಎಂದು ಹಿಂಜರಿಯುತ್ತಾರೆ. ಆದ್ದರಿಂದ ಗುಟ್ಟಾಗಿ, ಮರ್ಯಾದೆಯಾಗಿ ಕೇಳಬೇಕು. ನನಗೆ ಗೊತ್ತಿದ್ದ ಮರ್ಯಾದೆ ಒಂದೇ. ಅದು ನನ್ನ ಹೆಗಲ ಮೇಲೇ ಇತ್ತು.

ಆಫೀಸಿನಲ್ಲಿ ಎಲೆ ಮಾರುವ ಹೆಂಗಸು, ಇನ್ನೂ ಮೂರು ನಾಲ್ಕು ಮಂದಿ ತಂದೆಯರು ನಿಂತಿದ್ದರು. ಆ ದಿನ ಫೀಸು ಕಟ್ಟುವ ದಿನವಾದ್ದರಿಂದ ಜನ ಹೆಚ್ಚು. ಗುಮಾಸ್ತರು ನಮ್ಮನ್ನು ಬಾಗಿಲಲ್ಲಿ ಕಂಡೊಡನೆ ಲೇಟು ಪುಸ್ತಕ ಎಳೆದುಕೊಂಡು ಬರೆದರು. ನನ್ನ ಕಾರಣವನ್ನು ಕೇಳಲೂ ಇಲ್ಲ. "ಬೇಗ ಸಹಿ ಮಾಡಿ ಯಜಮಾನ್ರೇ. ಹೋಗಮ್ಮ, ನೀನು ಕ್ಲಾಸಿಗೆ ಹೋಗು," ಎಂದರು. ಅವರ ದನಿಯಲ್ಲಿ ಅವಸರವಿತ್ತು.

ನಾನು ಸಹಿ ಮಾಡಲಿಲ್ಲ. ಮೇಜಿನ ಮೇಲಿದ್ದ ಅವರ ಬಲಗೈ ಮೇಲೆ ನನ್ನ ಟವಲ್ ಹಾಸಿದೆ. ಅದರ ಕೆಳಗೆ ಕೈ ತೂರಿಸಿ, ಅವರ ಐದು ಬೆರಳನ್ನೂ ಸೇರಿಸಿ ಒಂದು ಸಲ ಒತ್ತಿದೆ, ಇನ್ನೊಂದು ಸಲ ಒತ್ತಿದೆ. ಬಗ್ಗಿ ಕಿವಿಯ ಹತ್ತಿರ, "ನಿಮಿಷ," ಎಂದೆ.

ಗುಮಾಸ್ತರ ಕೈ ಕಲ್ಲಿನಂತೆ ನಿಂತಿತು. ನನ್ನ ಮುಖವನ್ನೇ ನೋಡಿದರು. ಹಿಂದಿನಿಂದ ಎಲೆ ಮಾರುವವಳ ದನಿ ಬಂತು: "ಅಯ್ಯೋ, ಏನಣ್ಣೋ ಅದು, ಕೈ ತಗಿ ಕೈ ತಗಿ!"

ಅಷ್ಟರಲ್ಲಿ ಹೆಡ್ ಮೇಷ್ಟ್ರು ಒಳಗಿನ ಕೋಣೆಯಿಂದ ಬಂದು ನಿಂತಿದ್ದರು.

ಅವರು ಎತ್ತಿನ ಸಂತೆ ನೋಡಿದವರಲ್ಲ. ಅವರ ಕಣ್ಣಿಗೆ ಬಿದ್ದದ್ದು ಇಷ್ಟು: ಹಾಜರಿ ಕಡಿಮೆ ಇರುವ ಹುಡುಗಿ, ಅವಳ ತಂದೆ, ಬಟ್ಟೆಯ ಕೆಳಗೆ ತಮ್ಮ ಗುಮಾಸ್ತನ ಕೈ. ಅವರು ಟವಲನ್ನು ಎರಡು ಬೆರಳಲ್ಲಿ ಎತ್ತಿದರು. ಕೆಳಗೆ ಎರಡು ಬರಿಗೈ ಬಿಟ್ಟು ಏನೂ ಇರಲಿಲ್ಲ.

"ಏನಿದು?"

"ಏನಿಲ್ಲ ಸ್ವಾಮಿ," ಎಂದೆ ನಾನು. "ಹಿಂಗೇ ಒಂದಿಷ್ಟು ಟೈಮು ಕುದುರಿಸ್ತಿದ್ದೋ."

ಈ ಮಾತನ್ನು ಆಡಿದ ನಾಲಿಗೆ ಇವತ್ತಿಗೂ ನನ್ನ ಬಾಯಲ್ಲೇ ಇದೆ. ಹೆಡ್ ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು. ಹನ್ನೊಂದಕ್ಕೆ ಐದು ನಿಮಿಷ ಇತ್ತು. ಲೇಟು ಪುಸ್ತಕ ನೋಡಿದರು. ಆಗ ತಾನೇ ಬರೆದ ಇಂಕು ಇನ್ನೂ ಹಸಿಯಾಗಿತ್ತು. ಅದರಲ್ಲಿ ನನ್ನ ಮಗಳ ಹೆಸರಿನ ಮುಂದೆ, ಬಂದ ಸಮಯ ಹತ್ತು ನಲವತ್ತು ಎಂದಿತ್ತು. ಅವರು ಹಾಳೆ ಹಿಂದಕ್ಕೆ ತಿರುಗಿಸಿದರು. ಹತ್ತು ನಲವತ್ತು. ಹತ್ತು ನಲವತ್ತು. ತಿಂಗಳುಗಟ್ಟಲೆ ಅದೇ.

"ಇವಳು ದಿನಾ ಹತ್ತು ನಲವತ್ತಕ್ಕೇ ಬರ್ತಿದ್ದಳೇನ್ರೀ?" ಎಂದು ಗುಮಾಸ್ತರನ್ನು ಕೇಳಿದರು. ಗುಮಾಸ್ತರು ತಲೆ ತಗ್ಗಿಸಿದರು. ಹೆಡ್ ಮೇಷ್ಟ್ರು ನನ್ನ ಕಡೆ ತಿರುಗಿ, "ಯಾಕಯ್ಯಾ ದಿನಾ ತಡ?" ಎಂದರು.

ಸತ್ಯ ಹೇಳಲು ಅಷ್ಟು ಒಳ್ಳೆಯ ಸಮಯ ಇನ್ನೊಂದು ಬರಲಿಲ್ಲ. ಆದರೆ ನನ್ನ ಬಾಯಿಗೆ ಬಂದದ್ದು ರೂಢಿಯಾದ ಮಾತು. "ಎಬ್ಬುಸ್ದ್ರೆ ಏಳಕಿಲ್ಲ ಸ್ವಾಮಿ ಇವಳು."

ಕ್ಲಾಸಿಗೆ ಹೋಗದೆ ಬಾಗಿಲಲ್ಲೇ ನಿಂತಿದ್ದ ಮಗಳನ್ನು ಹೆಡ್ ಮೇಷ್ಟ್ರು ಕೇಳಿದರು. "ಹೌದೇನಮ್ಮ?"

ಅವಳು ನನ್ನ ಕಡೆ ನೋಡಲಿಲ್ಲ. "ಹೌದು ಸಾರ್," ಎಂದಳು.

ಗುಮಾಸ್ತರ ಮೇಜಿನ ಮೇಲೆ ಒಂದು ಕಾಗದ ಬಿಳಿ ಕಲ್ಲಿನ ಕೆಳಗಿತ್ತು. ಅವಳ ಶಿಫಾರಸು ಅದು. ದುಂಡಾದ ಅಕ್ಷರದಲ್ಲಿ ಬರೆದು ಮುಗಿಸಿ ಸಹಿಗೆ ಇಟ್ಟಿದ್ದರು. ಹೆಡ್ ಮೇಷ್ಟ್ರು ಅದನ್ನು ತೆಗೆದುಕೊಂಡು ಓದಿದರು. ಮಡಿಸಿ ಜೇಬಿಗೆ ಹಾಕಿಕೊಂಡರು. ಅವರೇನೂ ಕೂಗಾಡಲಿಲ್ಲ, ಬೇಸರದಲ್ಲೇ ಹೇಳಿದರು: "ಈ ಕಾಗದ ಅರ್ಧ ಗಂಟೆ ಮುಂಚೆ ನನ್ನ ಕೈಗೆ ಬಂದಿದ್ರೆ ಸಹಿ ಮಾಡ್ತಿದ್ದೆ. ಈಗ ಇಷ್ಟು ಜನದ ಮುಂದೆ ಈ ಬಟ್ಟೆ ನೋಡಿದ ಮೇಲೆ ಸಹಿ ಹಾಕಿದ್ರೆ, ನಾಳೆ ಊರು ಏನನ್ನುತ್ತೆ? ಈ ಆಫೀಸಲ್ಲಿ ಹಾಜರಿ ಟವಲ್ ಕೆಳಗೆ ಸಿಗುತ್ತೆ ಅನ್ನುತ್ತೆ. ಆಗಲ್ಲ."

ಬರೆದಿದ್ದ ಹತ್ತು ನಲವತ್ತುಗಳನ್ನೆಲ್ಲ ಅರ್ಧ ದಿನ ಗೈರುಹಾಜರಿ ಎಂದು ತಿದ್ದಿಸಿದರು. ನಾಲ್ಕು ದಿನ ಕಡಿಮೆ ಇದ್ದದ್ದು ಹಲವು ವಾರ ಕಡಿಮೆಯಾಯಿತು. ಇನ್ನು ಮೇಲಿನ ಆಫೀಸಿಗೆ ಬರೆದರೂ ಪ್ರಯೋಜನವಿರಲಿಲ್ಲ.

ಆ ವರ್ಷ ನನ್ನ ಮಗಳು ಪರೀಕ್ಷೆಗೆ ಕೂರಲಿಲ್ಲ. ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ, "ಸ್ನೇಹಿತೆಗೆ ಇಂಕಿನ ಕುಡಿಕೆ ಕೊಟ್ಟು ಬತ್ತೀನಿ," ಎಂದು ಹೊರಟಳು. ಜೊತೆಯಲ್ಲಿ ಹೋದೆ. ಆ ದಿನ ನಾವು ಗಂಟೆ ಹೊಡೆಯುವುದಕ್ಕೆ ಅರ್ಧ ಗಂಟೆ ಮೊದಲೇ ತಲುಪಿದ್ದೆವು. ಎಲೆ ಮಾರುವವಳ ಮಗ ಹಣೆಗೆ ವಿಭೂತಿ ಇಟ್ಟುಕೊಂಡು ಒಳಗೆ ಹೋದ. ಅವನ ತಾಯಿ ನನ್ನ ಮಗಳನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ಕುಡಿಕೆ ಕೊಟ್ಟು, ಗೇಟಿನ ಹೊರಗೆ ಗಂಟೆಯ ಸದ್ದು ಕೇಳುವವರೆಗೂ ನಿಂತಿದ್ದು, "ಓಗನ ಬಾ," ಎಂದಳು.

ಅದಕ್ಕೂ ಮೊದಲೇ ಗುಮಾಸ್ತರನ್ನು ಗುಂಡ್ಲುಪೇಟೆಯ ಸ್ಕೂಲಿಗೆ ವರ್ಗ ಮಾಡಿದ್ದರು. ಅದರ ಹತ್ತಿರದ ಹಂಗಳ ಅವರ ಹುಟ್ಟೂರು, ಆದ್ದರಿಂದ ಒಳ್ಳೆಯದೇ ಆಯಿತು ಎಂದು ಕೆಲವರು ಹೇಳಿದರು. ಕೇಳಿ ಪಡೆದ ವರ್ಗವೇ ಬೇರೆ, ಬೆರಳು ತೋರಿಸಿ ಕಳಿಸಿದ ವರ್ಗವೇ ಬೇರೆ. ನನ್ನ ಟವಲ್ ಆ ಮೇಜಿನ ಮೇಲೇ ಉಳಿದಿತ್ತು. ಮುಂದಿನ ವರ್ಷ ಜವಾನ ಅದರಲ್ಲಿ ಇಂಕಿನ ಕಲೆ ಒರೆಸುತ್ತಿದ್ದುದನ್ನು ನೋಡಿದೆ. ನನ್ನನ್ನು ಕಂಡು ಅವನು ಏನೂ ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಸ್ಕೂಲು ತೆರೆಯುವ ಹಿಂದಿನ ದಿನ ಮಗಳು ತಾನೇ ಷರತ್ತು ಹಾಕಿದಳು. "ಅಪ್ಪ, ನೀನು ಬರದಾದ್ರೆ ನನ್ ಮುಂದೆ ನಡೀಬೇಕು. ಕೈ ಹಿಂದಕ್ ಕಟ್ಕೊಂಡು ನಡೀಬೇಕು. ಎತ್ತು ಕಂಡ್ರೆ ಆ ಕಡೀಕೆ ತಿರುಗ್ಕೂಡ್ದು."

"ಒಂದ್ಸಲ ಕಣ್ಣಾಡಿಸ್ಬೋದಲ್ಲಮ್ಮಿ?"

"ಇಲ್ಲ."

ನನ್ನ ಜೀವಮಾನದಲ್ಲಿ ಒಂದು ಕೂದಲಿನಷ್ಟೂ ಇಳಿಸಲಾಗದೆ ಹೋದ ಚೌಕಾಸಿ ಅದೊಂದೇ. ವರ್ಷವಿಡೀ ಕೈ ಹಿಂದೆ ಕಟ್ಟಿಕೊಂಡು ನಡೆದೆ. ದಾರಿಯ ರೈತರು, "ಯಾಕ್ಲಾ, ಪೋಲೀಸ್ನೋರು ಹಿಡ್ಕೊಂಡೋದಂಗೆ ಓಯ್ತಿದ್ದೀಯೆ?" ಎಂದು ಕೂಗುತ್ತಿದ್ದರು. ಅವಳು ತನಗಿಂತ ಚಿಕ್ಕವರ ಜೊತೆ ಅದೇ ಪಾಠಗಳನ್ನು ಇನ್ನೊಮ್ಮೆ ಕೂತು ಓದಿ, ಪರೀಕ್ಷೆ ಬರೆದು ಪಾಸಾದಳು. ಪಾಸಾದಳಲ್ಲ ಎಂದು ಹೇಳಿ ನಾನು ನನ್ನ ತಕ್ಕಡಿ ಸಮ ಮಾಡಿಕೊಳ್ಳುವುದಿಲ್ಲ.

ಕಸುಬನ್ನು ಬಿಡಲಿಲ್ಲ. ಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಸುಳ್ಳು. ಹೊಸ ಟವಲ್ ಕೊಂಡೆ. ಅವಳು ಪಾಸಾದ ವರ್ಷ ಗುಂಡ್ಲುಪೇಟೆ ಸಂತೆಯಲ್ಲಿ ಒಬ್ಬ ಮುದುಕ ಒಂದು ಜೊತೆ ಬಿಳಿ ಎತ್ತು ಹಿಡಿದು ನಿಂತಿದ್ದ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಮೇದು ಬೆಳೆದ ಎತ್ತುಗಳು, ಮೈ ಗಟ್ಟಿ. ಟವಲ್ ಹಾಸಿ ಮುದುಕನ ಕೈ ಹಿಡಿದೆ. ಅವನ ಬೆರಳು ನನ್ನ ಬೆರಳಿಗಿಂತ ಚುರುಕು. ಎರಡು ಸಲ ಕೊಟ್ಟೆವು, ತೆಗೆದುಕೊಂಡೆವು. ಅಷ್ಟರಲ್ಲಿ ಅವನು ನನ್ನ ಹಿಂದಕ್ಕೆ ನೋಡಿ, "ಬಂದ್ಯಾ ಮಗ? ಇಂವ ನನ್ ಮಗ ಕಣಣ್ಣ, ಇಲ್ಲೇ ಇಸ್ಕೂಲ್ನಲ್ಲಿ ಗುಮಾಸ್ತ," ಎಂದ.

ತಿರುಗಿ ನೋಡಿದರೆ ಸೈಕಲ್ ಹಿಡಿದು ಅವರೇ ನಿಂತಿದ್ದರು. ನಾನು ಕೈ ಎಳೆದುಕೊಂಡೆ.

"ಮುಗಿಸಿ ಯಜಮಾನ್ರೇ," ಎಂದರು ಅವರು. "ಅರ್ಧಕ್ಕೆ ಬಿಡಬೇಡಿ."

ಹೇಗೋ ಮುಗಿಸಿದೆ. ಮುದುಕ ಕೇಳಿದ ಬೆಲೆಗೇ ಒಪ್ಪಿದೆ. ಕೊಂಡವನು ಎತ್ತುಗಳನ್ನು ಬಿಚ್ಚಿಕೊಂಡು ಹೋದ ಮೇಲೆ ಗುಮಾಸ್ತರೂ ನಾನೂ ಹುಣಸೆಮರದ ಕೆಳಗೆ ನಿಂತೆವು.

"ಹಂಗಾದ್ರೆ ಸ್ವಾಮಿ, ನಿಮ್ಗೆ ಬೆರಳ ಮಾತು ಬತ್ತದೆ."

"ಚಿಕ್ಕಂದಿನಿಂದ ಅಪ್ಪನ ಜೊತೆ ಸಂತೆಯಲ್ಲೇ ಬೆಳೆದವನು. ಅವತ್ತು ನಿಮ್ಮ ಬೆರಳು ಹೇಳಿದ್ದು ಅರ್ಥವಾಯ್ತು. ಹತ್ತು ನಿಮಿಷ ಕೇಳಿದ್ರಿ." ಸೈಕಲ್ ಹ್ಯಾಂಡಲನ್ನು ಒಮ್ಮೆ ಒರೆಸಿಕೊಂಡು, "ನಾನು ಹದಿನೈದು ಕೊಡ್ತಾ ಇದ್ದೆ," ಎಂದರು.

ನಾನು ಟವಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡೆ. "ಅದ ನನ್ಗೆ ಒಂದ್ ಮಾತು ಹೇಳ್ಬುಟ್ಟಿದ್ರೆ..."

"ಹೇಳಿದ್ರೆ ನೀವು ಇಪ್ಪತ್ತು ಕೇಳ್ತಿದ್ರಿ." ಅವರು ನಕ್ಕರು. ಆ ನಗುವಿನಲ್ಲಿ ಹಗೆ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ದಿನಾ ದಾರೀಲಿ ನಿಮ್ಮನ್ನ ನೋಡಿಕೊಂಡೇ ಬರ್ತಿದ್ದೆ. ಆ ಹುಡುಗಿ ರಸ್ತೇಲಿ ನಿಂತಿರೋಳು. ಅದಕ್ಕೇ ಬೆಲ್ ಹೊಡೀತಿದ್ದೆ. ಒಂದು ದಿನ ನೀವೇ ನಿಜ ಹೇಳ್ತೀರ, ಆಗ ಏನಾದ್ರೂ ದಾರಿ ಮಾಡೋಣ ಅಂತ ಕಾಯ್ತಿದ್ದೆ."

"ತಪ್ಪಾಯ್ತು ಸ್ವಾಮಿ. ನಿಮ್ಗೂ ಕೆಟ್ಟೆಸ್ರು ತಂದೆ."

"ನನ್ನದು ಬಿಡಿ. ಸುಳ್ಳು ಸಮಯ ಬರೆದವನು ನಾನೇ ತಾನೇ. ಈ ಮಾತನ್ನ ಅವಳಿಗೆ ಹೇಳಿದ್ರಾ?"

ಹೇಳಿರಲಿಲ್ಲ.

ಆ ಸಂಜೆ ಮನೆಗೆ ಬಂದೆ. ಮಗಳು ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಕಾಲು ತೊಳೆಯದೆ ಹಾಗೇ ಕೂತು, "ಅವತ್ತು ಆಫೀಸ್ನಲ್ಲಿ ನಾನ್ ಹೇಳಿದ್ದು ಸುಳ್ಳು ಕಣಮ್ಮಿ. ನೀ ತಡವಾಗಿ ಏಳ್ತಿರ್ನಿಲ್ಲ," ಎಂದೆ.

ಅವಳು ಕೇರುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣಪ್ಪ. ದಿನಾ ನಿನ್ನ ಎಬ್ಬಿಸ್ತಿದ್ದುದೇ ನಾನಲ್ವ?" ಎಂದಳು. ರಾಗಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದು, "ಓಗು, ಕಾಲು ತೊಳ್ಕೊ," ಎಂದಳು.

ಇದನ್ನು ಓದುತ್ತಿರುವ ನೀವು ಮಕ್ಕಳನ್ನು ಸ್ಕೂಲಿಗೆ ಕಳಿಸುವವರಾದರೆ, ನಾನು ಇಷ್ಟು ತೆತ್ತು ಕಲಿತದ್ದನ್ನು ಪುಕ್ಕಟೆಯಾಗಿ ತೆಗೆದುಕೊಳ್ಳಿ. ತಡವಾದ ಮೊದಲ ದಿನವೇ ಆಫೀಸಿಗೆ ಹೋಗಿ ನಿಜವಾದ ಕಾರಣ ಹೇಳಿ. ಎಷ್ಟೇ ಹಗುರವಾದ ಕಾರಣವಾಗಲಿ, ನಿಜಕ್ಕೆ ಅವರ ಹತ್ತಿರ ಒಂದು ದಾರಿ ಇದ್ದೇ ಇರುತ್ತದೆ, ಕಟ್ಟುಕತೆಗೆ ಇರುವುದಿಲ್ಲ. ಗುಮಾಸ್ತರು "ಬೇರೆ ಏನಾದ್ರೂ ಇದೆಯಾ" ಎಂದು ಕೇಳಿದರೆ, ಅದು ನಿಮಗೆ ತೆರೆದ ಬಾಗಿಲು ಎಂದು ತಿಳಿಯಿರಿ. ಸಹಿ ಮಾಡುವ ಮೊದಲು ಮೇಲಿನ ಸಾಲನ್ನು ಓದಿ, ನಿಮಗಾಗಿ ಯಾರು ಏನು ಬಿಟ್ಟುಕೊಟ್ಟಿದ್ದಾರೆಂದು ಅಲ್ಲೇ ಕಾಣುತ್ತದೆ. ಹಾಗೆ ಬಿಟ್ಟುಕೊಟ್ಟದ್ದನ್ನು ನೆಚ್ಚಿಕೊಂಡು ಕೂರಬೇಡಿ, ಅದು ಇನ್ನೊಬ್ಬರ ಕೆಲಸದ ಮೇಲೆ ನಿಂತಿರುತ್ತದೆ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದರ ಮೇಲೆ ತಪ್ಪು ಹೊರಿಸಬೇಡಿ. ಅದು ಹೌದು ಎಂದುಬಿಡುತ್ತದೆ. ದಾರಿಯಲ್ಲಿ ನಿಮಗೆ ಕೆಲಸವಿದ್ದರೆ ಮಗುವನ್ನು ಬಿಟ್ಟು ವಾಪಸು ಬರುವಾಗ ಮಾಡಿಕೊಳ್ಳಿ. ಎತ್ತು ಅಲ್ಲೇ ಕಟ್ಟಿರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅಷ್ಟೂ ಸಾಲದಿದ್ದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಮೊದಲ ಎರಡು ವಾರ ಕಷ್ಟ, ಆಮೇಲೆ ರೂಢಿಯಾಗುತ್ತದೆ.